ಚಂದ್ರ ಎಲ್ಲಿಂದ ಬಂದ?

ನನ್ನ ದಾದಿಗೆ ಕಳೆದ ವರ್ಷ ಕಣ್ಣಿನ ಪೊರೆಯ ಆಪರೇಷನ್ ಆಯಿತು. (ದಾದಿ ಎಂದರೆ ನಮ್ಮ ಮನೆಯ ಉರ್ದುವಿನಲ್ಲಿ ಅಪ್ಪನ ತಾಯಿ. ಆಸ್ಪತ್ರೆಯಲ್ಲಿರುವ ದಾದಿ ಅಲ್ಲ. ಐದನೇ ತರಗತಿಯಲ್ಲಿ ‘ನನ್ನ ದಾದಿ’ ಎಂದು ಪ್ರಬಂಧ ಬರೆದಾಗಿನಿಂದ ಈ ವಿವರಣೆ ಕೊಡುತ್ತಲೇ ಇದ್ದೇನೆ.) ಆಪರೇಷನ್ ಆಗಿ ಒಂದು ತಿಂಗಳ ನಂತರ ಕಾಪುವಿನಲ್ಲಿರುವ ಚಾಚಾ ಮನೆಯ ತಾರಸಿಯಲ್ಲಿ ಕುಳಿತಿದ್ದೆವು. ಅಂದು ಹುಣ್ಣಿಮೆ. ದಾದಿ ತುಂಬಾ ಹೊತ್ತು ಮೇಲೆ ನೋಡಿ, “ಬುಢಿಯಾ ಇನ್ನೂ ಅಲ್ಲೇ ಇದ್ದಾಳೆ” ಎಂದರು. ಚಂದ್ರನಲ್ಲಿ ಒಬ್ಬ ಮುದುಕಿ ಕುಳಿತು ಚರಖಾದಲ್ಲಿ ನೂಲುತ್ತಿದ್ದಾಳೆ ಎಂಬುದು ನಮ್ಮ ಮನೆಗಳ ಕಥೆ. ನನ್ನ ಕ್ಲಾಸಿನ ಗೆಳತಿಯ ಮನೆಯಲ್ಲಿ ಅದೇ ಕಲೆ ಮೊಲ. ಹಲವು ವರ್ಷ ದಾದಿಗೆ ಚಂದ್ರ ಬರೀ ಒಂದು ಬಿಳಿ ಮಸುಕಾಗಿತ್ತಂತೆ.

ಆಮೇಲೆ ನನ್ನ ಕಡೆ ತಿರುಗಿ, “ಇಷ್ಟು ಓದುತ್ತೀಯಲ್ಲ, ಅದು ಅಲ್ಲಿಗೆ ಹೇಗೆ ಬಂತು ಹೇಳು” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ನಾನು ಕಾಮರ್ಸ್, ದಾದಿ” ಎಂದೆ. ಅದು ಉತ್ತರವೇ ಅಲ್ಲ ಎಂದು ಹೇಳುವಾಗಲೇ ಅನಿಸಿತು. ಎರಡು ತಿಂಗಳು ಲೈಬ್ರರಿಯಲ್ಲಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೈನ್ಸ್ ವಿಭಾಗದವರು ತಪ್ಪು ಹಿಡಿದರೆ ಬೇಸರವಿಲ್ಲ.

ಮೊದಲು ಆ ಮುದುಕಿಯ ವಿಚಾರ. ಚಂದ್ರನ ಮೇಲಿನ ಕಪ್ಪು ಭಾಗಗಳನ್ನು ಹಳೆಯ ಕಾಲದ ಯುರೋಪಿನವರು ನೀರು ಎಂದು ತಿಳಿದು ‘ಮಾರಿಯಾ’ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಸಮುದ್ರಗಳು. ಅಲ್ಲಿ ನೀರಿನ ಸಮುದ್ರ ಎಂದೂ ಇರಲಿಲ್ಲ. ದೊಡ್ಡ ದೊಡ್ಡ ಆಕಾಶಕಾಯಗಳು ಬಡಿದು ಆದ ಅಗಾಧ ತಗ್ಗುಗಳಲ್ಲಿ ಒಳಗಿನಿಂದ ಲಾವಾ ಉಕ್ಕಿ ತುಂಬಿ ಹೆಪ್ಪುಗಟ್ಟಿತು. ಹೆಚ್ಚಿನದು ಆದದ್ದು 300 ಕೋಟಿ ವರ್ಷಗಳಿಗೂ ಹಿಂದೆ. ಆ ಕಲ್ಲು ಬಸಾಲ್ಟ್. ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಕಪ್ಪಾಗಿ ಕಾಣುತ್ತದೆ. ನಮಗೆ ಕಾಣುವ ಮುಖದಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಈ ‘ಸಮುದ್ರ’ಗಳೇ. ಹಿಂಬದಿಯಲ್ಲಿ ತೀರಾ ಕಡಿಮೆ. ಚಂದ್ರ ತನ್ನನ್ನು ತಾನು ಒಮ್ಮೆ ಸುತ್ತಲು ಮತ್ತು ಭೂಮಿಯನ್ನು ಒಮ್ಮೆ ಸುತ್ತಲು ಒಂದೇ ಅವಧಿ, ಅಂದರೆ 27.3 ದಿನ, ತೆಗೆದುಕೊಳ್ಳುವುದರಿಂದ ಅದರ ಬೆನ್ನು ನಮಗೆ ಕಾಣುವುದೇ ಇಲ್ಲ. 1959ರಲ್ಲಿ ಸೋವಿಯತ್ ರಷ್ಯಾದ ಲೂನಾ-3 ಫೋಟೋ ತೆಗೆಯುವವರೆಗೆ ಯಾವ ಮನುಷ್ಯನೂ ಅದನ್ನು ನೋಡಿರಲಿಲ್ಲ.

ಬಿಳಿ ಭಾಗಗಳು ಎತ್ತರದ ಪ್ರದೇಶ, ಇನ್ನೂ ಹಳೆಯವು, ಕುಳಿಗಳಿಂದ ತುಂಬಿದವು. ಹುಣ್ಣಿಮೆಯಂದು ಕೆಳಭಾಗದಲ್ಲಿ ಒಂದು ಚುಕ್ಕೆಯಿಂದ ಸುತ್ತಲೂ ಬಿಳಿ ಗೆರೆಗಳು ಹರಡಿದ್ದನ್ನು ನೋಡಬಹುದು. ಅದು ಟೈಕೋ ಎಂಬ ಕುಳಿ, ಸುಮಾರು 85 ಕಿಲೋಮೀಟರ್ ಅಗಲ. ಉಡುಪಿಯಲ್ಲಿ ಒಂದು ಅಂಚು ಇಟ್ಟರೆ ಇನ್ನೊಂದು ಅಂಚು ಮಂಗಳೂರನ್ನು ದಾಟಿ ಹೋಗುತ್ತದೆ.

ಟೈಕೋ ಆಗಿ ಸುಮಾರು 11 ಕೋಟಿ ವರ್ಷ ಎಂದು ಅಂದಾಜಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೈಂಟ್ ಮೇರಿಸ್ ದ್ವೀಪದ ಕಂಬ ಕಲ್ಲುಗಳು ಗೊತ್ತಲ್ಲ, ಅವೂ ಲಾವಾ ತಣ್ಣಗಾಗಿ ಆದವು. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದವು, ಸುಮಾರು 8.8 ಕೋಟಿ ವರ್ಷದ ಹಿಂದಿನವು. ಅಂದರೆ ಟೈಕೋಗಿಂತ ಕಿರಿಯವು. ಆದರೆ ಆ ಕಂಬಗಳು ಅಲೆ ಬಡಿದು ಎಷ್ಟು ಸವೆದಿವೆ! ಟೈಕೋ ಮಾತ್ರ ನಿನ್ನೆ ಆದಂತೆ ಚೂಪಾಗಿದೆ. ಚಂದ್ರನಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಅಲೆ ಇಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ತಿಳಿಯಲು ಕಾರ್ಕಳದ ನಮ್ಮ ಮನೆಯ ಗೋಡೆ ನೋಡಿದರೆ ಸಾಕು. ಅದು ಮುರಕಲ್ಲು. ಲಕ್ಷಾಂತರ ವರ್ಷ ಮಳೆ ಸುರಿದು, ಮೂಲ ಬಂಡೆಯಲ್ಲಿದ್ದ ಕರಗುವ ವಸ್ತುಗಳೆಲ್ಲ ಕೊಚ್ಚಿಹೋಗಿ, ಉಳಿದ ಕಬ್ಬಿಣ ತುಕ್ಕು ಹಿಡಿದು ಕೆಂಪಾದದ್ದೇ ಮುರಕಲ್ಲು. ಅದಕ್ಕೆ ಮೊದಲು ಅದು ಯಾವ ರೂಪದಲ್ಲಿತ್ತು ಎಂದು ಗುರುತು ಹಿಡಿಯುವುದೇ ಕಷ್ಟ. ಭೂಮಿ ತನ್ನ ಹಳೆಯ ಲೆಕ್ಕದ ಪುಸ್ತಕಗಳನ್ನು ತಾನೇ ಅಳಿಸುತ್ತಾ ಬಂದಿದೆ. ಚಂದ್ರ ಅಳಿಸಿಲ್ಲ. ಆದ್ದರಿಂದ ನಮ್ಮ ಭೂಮಿಯ ಬಾಲ್ಯದಲ್ಲಿ ಏನಾಯಿತು ಎಂದು ತಿಳಿಯಬೇಕಾದರೂ ಚಂದ್ರನ ಕಲ್ಲನ್ನೇ ಕೇಳಬೇಕು.

ಗಾತ್ರದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ವ್ಯಾಸ 3,474 ಕಿಲೋಮೀಟರ್, ಭೂಮಿಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಸರಾಸರಿ ದೂರ 3,84,400 ಕಿಲೋಮೀಟರ್. ಗುರುತ್ವ ಆರನೇ ಒಂದು ಭಾಗ. ಆದರೆ ತೂಕ? ಭೂಮಿಯ 81ರಲ್ಲಿ ಒಂದು ಭಾಗ ಮಾತ್ರ. ಇಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಕಾಲು ಭಾಗ ವ್ಯಾಸವಿದ್ದರೆ ಗಾತ್ರ ಸುಮಾರು 50ರಲ್ಲಿ ಒಂದು ಆಗಬೇಕು, ಹಾಗಾದರೆ ತೂಕವೂ ಅಷ್ಟಿರಬೇಕಲ್ಲವೇ? ಕಡಿಮೆ ಇದೆ, ಏಕೆಂದರೆ ಚಂದ್ರನಲ್ಲಿ ಕಬ್ಬಿಣ ಕಡಿಮೆ. ಭೂಮಿಯ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಒಳಗಿನ ಕಬ್ಬಿಣದ ತಿರುಳಿನದ್ದೇ. ಚಂದ್ರನ ತಿರುಳು ಅದರ ತೂಕದ ನೂರಕ್ಕೆ ಒಂದೆರಡು ಭಾಗ ಅಷ್ಟೇ. ಹುಟ್ಟಿನ ಬಗ್ಗೆ ಯಾರು ಏನೇ ಹೇಳಿದರೂ, ಈ ಕಾಣೆಯಾದ ಕಬ್ಬಿಣಕ್ಕೆ ಲೆಕ್ಕ ಕೊಡಬೇಕು.

ಹಿಂದೆ ಮೂರು ಉತ್ತರಗಳಿದ್ದವು. ಬಿಸಿಯಾಗಿ ವೇಗವಾಗಿ ತಿರುಗುತ್ತಿದ್ದ ಭೂಮಿಯಿಂದಲೇ ಒಂದು ತುಂಡು ಸಿಡಿದುಹೋಯಿತು ಎಂದವರು ಜಾರ್ಜ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ರ ಮಗ. ಪೆಸಿಫಿಕ್ ಸಾಗರವೇ ಆ ಗಾಯದ ಗುರುತು ಎಂದು ಇನ್ನೊಬ್ಬರು ಸೇರಿಸಿದರು. ಆದರೆ ಪೆಸಿಫಿಕ್‌ನ ತಳದ ಕಲ್ಲು 20 ಕೋಟಿ ವರ್ಷಕ್ಕಿಂತ ಹಳೆಯದಲ್ಲ, ಚಂದ್ರನ ವಯಸ್ಸು ಸುಮಾರು 450 ಕೋಟಿ. ಎರಡನೆಯದು, ಎಲ್ಲಿಂದಲೋ ಬಂದ ಚಂದ್ರನನ್ನು ಭೂಮಿ ಸೆಳೆದು ಹಿಡಿದಿಟ್ಟಿತು ಎಂಬುದು. ಅಷ್ಟು ವೇಗದಲ್ಲಿ ಬಂದದ್ದನ್ನು ನಿಧಾನ ಮಾಡಿ ನಿಲ್ಲಿಸುವುದು ಬಹಳ ಕಷ್ಟ. ಮೂರನೆಯದು, ಎರಡೂ ಅಕ್ಕಪಕ್ಕದಲ್ಲಿ ಒಂದೇ ಧೂಳಿನಿಂದ ಹುಟ್ಟಿದವು ಎಂಬುದು. ಹಾಗಿದ್ದರೆ ಒಂದಕ್ಕೆ ಕಬ್ಬಿಣ ಸಿಕ್ಕಿ ಇನ್ನೊಂದಕ್ಕೆ ಏಕೆ ಸಿಗಲಿಲ್ಲ?

1969ರಿಂದ 1972ರವರೆಗೆ ಅಪೊಲೊ ಯಾತ್ರಿಗಳು ಆರು ಸಲ ಇಳಿದು 382 ಕಿಲೋ ಕಲ್ಲು ಮಣ್ಣು ತಂದರು. ಅಪೊಲೊ-11 ಇಳಿದದ್ದು ಕಪ್ಪು ಬಯಲಿನಲ್ಲಿ. ಆದರೆ ಅದು ತಂದ ಮಣ್ಣಿನಲ್ಲಿ ಕೆಲವು ಬಿಳಿ ಚೂರುಗಳಿದ್ದವು, ದೂರದ ಎತ್ತರದ ಪ್ರದೇಶದಿಂದ ಸಿಡಿದು ಬಂದವು. ಆ ಬಿಳಿ ಕಲ್ಲಿನ ಹೆಸರು ಅನಾರ್ಥೊಸೈಟ್. ಬಹುತೇಕ ಫೆಲ್ಡ್‌ಸ್ಪಾರ್ ಎಂಬ ಒಂದೇ ಖನಿಜದಿಂದ ಆದದ್ದು. ನಮ್ಮ ಕಾರ್ಕಳದ ಬಂಡೆಗಳಲ್ಲೂ ಬಿಳಿ ಕಣಗಳು ಕಾಣುತ್ತವಲ್ಲ, ಅವು ಹೆಚ್ಚಾಗಿ ಫೆಲ್ಡ್‌ಸ್ಪಾರ್ ಜಾತಿಯವೇ. ಆದರೆ ಬೇರೆ ಖನಿಜಗಳ ಜೊತೆ ಬೆರೆತಿರುತ್ತವೆ. ಚಂದ್ರನ ಬಿಳಿ ಭಾಗವೆಲ್ಲ ಅದೊಂದೇ ಆಗುವುದು ಹೇಗೆ?

ಇದಕ್ಕೆ ವಿಜ್ಞಾನಿಗಳು 1970ರಲ್ಲಿ ಕೊಟ್ಟ ಉತ್ತರ ನನಗೆ ಅಡುಗೆಮನೆಯಲ್ಲೇ ಅರ್ಥವಾಯಿತು. ಸಾಲನ್ ಮಾಡಿ ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮಸಾಲೆ ತಳಕ್ಕಿಳಿದು ಎಣ್ಣೆ ಮೇಲೆ ತೇಲುತ್ತದೆ. ಹಾಗೆ, ಹುಟ್ಟಿದಾಗ ಚಂದ್ರನ ಮೇಲೆಲ್ಲ ನೂರಾರು ಕಿಲೋಮೀಟರ್ ಆಳದ ಕರಗಿದ ಕಲ್ಲಿನ ಸಾಗರವಿತ್ತು. ಅದು ಆರುತ್ತಾ ಬಂದಾಗ ಭಾರದ ಹರಳುಗಳು ಮುಳುಗಿದವು, ಹಗುರವಾದ ಫೆಲ್ಡ್‌ಸ್ಪಾರ್ ತೇಲಿ ಮೇಲೆ ಬಂದು ಗಟ್ಟಿಯಾಯಿತು. ಹುಣ್ಣಿಮೆಯ ಬಿಳುಪು ಅದೇ ಕೆನೆ. ಬೆರಳೆಣಿಕೆಯ ಬಿಳಿ ಚೂರುಗಳಿಂದ ಇಡೀ ಚಂದ್ರ ಕರಗಿತ್ತು ಎಂದು ಊಹಿಸಿದ ಧೈರ್ಯಕ್ಕೆ ಏನು ಹೇಳಬೇಕೋ.

ಆ ಊಹೆಯನ್ನು ಪರೀಕ್ಷಿಸಲು ನಮ್ಮವರ ಕೈಯೂ ಸೇರಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಂ ಇಳಿದಾಗ ನಾನು ಹತ್ತನೇ ತರಗತಿ. ಎಲ್ಲರೂ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಇಳಿದ ಮೇಲೆ ಅಲ್ಲಿ ಏನು ಮಾಡಿತು ಎಂದು ಮಾತ್ರ ಕೇಳಲಿಲ್ಲ. ಈಗ ಓದಿದೆ. ಅಪೊಲೊ ಇಳಿದದ್ದೆಲ್ಲ ಚಂದ್ರನ ಮಧ್ಯಭಾಗದ ಆಸುಪಾಸು. ವಿಕ್ರಂ ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಯಾರೂ ಮಣ್ಣು ಮುಟ್ಟಿರದ ಕಡೆ. ಅದರಿಂದ ಇಳಿದ ಪ್ರಜ್ಞಾನ್ ಗಾಡಿ ನೂರು ಮೀಟರಿನಷ್ಟು ಓಡಾಡಿ 23 ಕಡೆ ಮಣ್ಣನ್ನು ಪರೀಕ್ಷಿಸಿತು. ಅದರಲ್ಲಿದ್ದ ಉಪಕರಣ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ್ದು. ಮಣ್ಣಿನ ಮೇಲೆ ಕಿರಣ ಹಾಯಿಸಿ, ತಿರುಗಿ ಬರುವ ಎಕ್ಸ್-ಕಿರಣದಿಂದ ಯಾವ ಧಾತು ಎಷ್ಟಿದೆ ಎಂದು ಹೇಳುತ್ತದೆ. 2024ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಅಲ್ಲಿಯೂ ಮಣ್ಣು ಮುಖ್ಯವಾಗಿ ಅದೇ ಅನಾರ್ಥೊಸೈಟ್ ಜಾತಿಯದು. ಕರಗಿದ ಸಾಗರ ಒಂದು ಮೂಲೆಯಲ್ಲಿದ್ದುದಲ್ಲ, ಚಂದ್ರನನ್ನೆಲ್ಲ ಆವರಿಸಿತ್ತು ಎಂಬುದಕ್ಕೆ ಬಲ ಬಂತು. ವಿಕ್ರಂ ಇನ್ನೊಂದು ಅಳತೆಯನ್ನೂ ತೆಗೆದುಕೊಂಡಿತು. ಹಗಲಿನಲ್ಲಿ ಮೇಲ್ಮೈ 50 ಡಿಗ್ರಿಗೂ ಹೆಚ್ಚು ಬಿಸಿ ಇದ್ದಾಗ ಕೇವಲ 8 ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ! ಆ ಧೂಳು ಕಂಬಳಿಯಂತೆ ಕೆಲಸ ಮಾಡುತ್ತದೆ.

ಈ ನೌಕೆಯನ್ನು ಕಟ್ಟಿದ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಯು. ಆರ್. ರಾವ್ ಹೆಸರಿದೆ. ಯು ಎಂದರೆ ಉಡುಪಿ. 1932ರಲ್ಲಿ ಹುಟ್ಟಿದ್ದು ಇದೇ ಕಾಪುವಿನ ಹತ್ತಿರದ ಅದಮಾರಿನಲ್ಲಿ. ದಾದಿ ಕುಳಿತಿದ್ದ ತಾರಸಿಯಿಂದ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಇದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ ಎಂಬುದು ನಾಚಿಕೆಯ ವಿಷಯ.

ಸರಿ, ಇಡೀ ಚಂದ್ರನನ್ನು ಕರಗಿಸುವಷ್ಟು ಬೆಂಕಿ ಎಲ್ಲಿಂದ ಬಂತು? 1970ರ ದಶಕದ ಮಧ್ಯದಲ್ಲಿ ಅಮೆರಿಕದ ವಿಜ್ಞಾನಿಗಳು ಮುಂದಿಟ್ಟ ಮತ್ತು ಇಂದು ಹೆಚ್ಚಿನವರು ಒಪ್ಪುವ ಉತ್ತರ ಇದು. ಭೂಮಿ ಹುಟ್ಟಿ ಹೆಚ್ಚು ಕಾಲವಾಗಿರಲಿಲ್ಲ. ಮಂಗಳ ಗ್ರಹದಷ್ಟು ದೊಡ್ಡ ಇನ್ನೊಂದು ಗ್ರಹ ಬಂದು ಓರೆಯಾಗಿ ಬಡಿಯಿತು. ಅದಕ್ಕೆ ಥಿಯಾ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಪುರಾಣದಲ್ಲಿ ಚಂದ್ರದೇವತೆಯ ತಾಯಿ ಅವಳು. ಥಿಯಾದ ಭಾರವಾದ ಕಬ್ಬಿಣ ಭೂಮಿಯೊಳಗೆ ಮುಳುಗಿ ಭೂಮಿಯ ಕಬ್ಬಿಣದ ಜೊತೆ ಸೇರಿತು. ಎರಡರ ಹೊರಗಿನ ಕಲ್ಲು ಮಾತ್ರ ಕರಗಿ, ಆವಿಯಾಗಿ, ಮೇಲೆ ಹಾರಿ, ಭೂಮಿಯ ಸುತ್ತ ತಟ್ಟೆಯಂತೆ ಸುತ್ತಿತು. ಅದೇ ಒಟ್ಟುಗೂಡಿ ಚಂದ್ರ. ಕಾಣೆಯಾದ ಕಬ್ಬಿಣಕ್ಕೂ, ಕರಗಿದ ಸಾಗರಕ್ಕೂ ಒಂದೇ ಘಟನೆಯಲ್ಲಿ ಲೆಕ್ಕ ಸಿಕ್ಕಿತು.

ಆಗ ಚಂದ್ರ ಈಗಿನ ದೂರದ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಹತ್ತಿರವಿತ್ತು ಎಂದು ಲೆಕ್ಕ ಹಾಕಿದ್ದಾರೆ. ದೂರ ಹೋದದ್ದು ಹೇಗೆ ಎಂಬ ಭಾಗ ಕಾಮರ್ಸ್‌ನವರಿಗೆ ಸುಲಭ. ಮಲ್ಪೆ, ಕಾಪುವಿನವರಿಗೆ ಉಬ್ಬರ ಇಳಿತ ಹೊಸದಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಜೋರು, ಉದ್ಯಾವರ ಹೊಳೆಯಲ್ಲಿ ಉಪ್ಪುನೀರು ಮೇಲಕ್ಕೆ ಬರುತ್ತದೆ. ಚಂದ್ರ ಎಬ್ಬಿಸಿದ ಈ ನೀರಿನ ಉಬ್ಬನ್ನು ವೇಗವಾಗಿ ತಿರುಗುವ ಭೂಮಿ ಸ್ವಲ್ಪ ಮುಂದಕ್ಕೆ ಎಳೆದೊಯ್ಯುತ್ತದೆ. ಮುಂದೆ ಹೋದ ಉಬ್ಬು ಚಂದ್ರನನ್ನು ಮುಂದಕ್ಕೆ ಜಗ್ಗುತ್ತದೆ, ಚಂದ್ರ ಭೂಮಿಯನ್ನು ಹಿಂದಕ್ಕೆ ಜಗ್ಗುತ್ತದೆ. ಭೂಮಿಯ ತಿರುಗುವಿಕೆಯ ಖಾತೆಯಿಂದ ಎಷ್ಟು ಹೋಯಿತೋ ಅಷ್ಟೇ ಚಂದ್ರನ ಖಾತೆಗೆ ಜಮಾ. ಪಕ್ಕಾ ಡಬಲ್ ಎಂಟ್ರಿ. ಫಲವಾಗಿ ನಮ್ಮ ದಿನ ನೂರು ವರ್ಷಕ್ಕೆ ಸುಮಾರು ಎರಡು ಮಿಲಿಸೆಕೆಂಡ್ ಉದ್ದವಾಗುತ್ತಿದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ. ಅಪೊಲೊದವರು ಇಟ್ಟು ಬಂದ ಕನ್ನಡಿಗಳಿಗೆ ಲೇಸರ್ ಹಾಯಿಸಿ ಅಳೆದದ್ದು ಇದು. ನಾನು ಹುಟ್ಟಿದ ಮೇಲೆ 65 ಸೆಂಟಿಮೀಟರ್ ಹೋಗಿದೆ. ದಾದಿಗೆ 74. ಅವರು ಹುಟ್ಟಿದ ಮೇಲೆ ಸುಮಾರು ಎರಡೂಮುಕ್ಕಾಲು ಮೀಟರ್.

ಆದರೆ ಖಾತೆ ಪೂರ್ತಿ ಮುಗಿದಿಲ್ಲ. ಆಮ್ಲಜನಕದಲ್ಲಿ ಮೂರು ಬಗೆಯ ಪರಮಾಣುಗಳಿವೆ. ಅವುಗಳ ಅನುಪಾತ ಸೌರಮಂಡಲದ ಒಂದೊಂದು ಕಡೆ ಒಂದೊಂದು ತರಹ. ಮಂಗಳದಿಂದ ಬಂದ ಉಲ್ಕೆಗಳಲ್ಲಿ ಬೇರೆಯೇ ಇದೆ. ಚಂದ್ರನದ್ದು ಮಾತ್ರ ಭೂಮಿಯದ್ದಕ್ಕೆ ಬಹುತೇಕ ಒಂದೇ. ಕಂಪ್ಯೂಟರ್ ಲೆಕ್ಕದ ಪ್ರಕಾರ ಚಂದ್ರನ ಹೆಚ್ಚಿನ ಪಾಲು ಥಿಯಾದಿಂದ ಬರಬೇಕಿತ್ತು, ಅಂದರೆ ಅನುಪಾತ ಬೇರೆ ಇರಬೇಕಿತ್ತು. ಅಬ್ಬಾನ ಅಂಗಡಿಯ ಲೆಕ್ಕ ಭಾನುವಾರ ನಾನೇ ಬರೆಯುವುದು. ಎರಡು ಬೇರೆ ಅಂಗಡಿಗಳ ಪುಸ್ತಕದಲ್ಲಿ ಒಂದೇ ಕೈಬರಹ ಕಂಡರೆ ಆಡಿಟರ್ ಸಹಿ ಹಾಕುತ್ತಾರೆಯೇ? ಡಿಕ್ಕಿ ಎಷ್ಟು ಭೀಕರವಾಗಿತ್ತೆಂದರೆ ಎರಡೂ ಗ್ರಹಗಳು ಆವಿಯಾಗಿ ಚೆನ್ನಾಗಿ ಬೆರೆತುಹೋದವು ಎಂದು ಕೆಲವರು ಹೇಳುತ್ತಾರೆ. ಥಿಯಾ ಭೂಮಿಯ ನೆರೆಯಲ್ಲೇ ಹುಟ್ಟಿತ್ತು, ಮೊದಲಿನಿಂದಲೂ ಒಂದೇ ರೀತಿ ಇತ್ತು ಎಂದು ಇನ್ನು ಕೆಲವರು. ನನಗೆ ಎರಡನೆಯದು ಸರಳ ಅನಿಸುತ್ತದೆ, ಆದರೆ ನನ್ನ ಮಾತಿಗೆ ಬೆಲೆ ಇಲ್ಲ. ಹೊಸ ಹೊಸ ಕಡೆಯ ಕಲ್ಲು ಬೇಕು. 2024ರ ಜೂನ್‌ನಲ್ಲಿ ಚೀನಾದ ಚಾಂಗ್‌-6 ಹಿಂಬದಿಯಿಂದ ಎರಡು ಕಿಲೋದಷ್ಟು ತಂದಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ ಚಂದ್ರಯಾನ-4ಕ್ಕೆ 2,104 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರ ಕೆಲಸ ಮಣ್ಣು ತರುವುದು.

ಇಷ್ಟನ್ನೂ ಮುಂದಿನ ಹುಣ್ಣಿಮೆಗೆ ಕಾಪುವಿಗೆ ಹೋದಾಗ ದಾದಿಗೆ ನಮ್ಮ ಭಾಷೆಯಲ್ಲಿ ಹೇಳಿದೆ. ‘ಅನಾರ್ಥೊಸೈಟ್’ ಬಿಟ್ಟುಬಿಟ್ಟೆ, ಸಾಲನ್ ಉದಾಹರಣೆ ಕೊಟ್ಟೆ. ಎಲ್ಲ ಕೇಳಿ, “ಆ ಬಂದು ಬಡಿದದ್ದು ಈಗ ಎಲ್ಲಿದೆ?” ಎಂದು ಕೇಳಿದರು. “ಅದರ ಕಬ್ಬಿಣ ಇಲ್ಲೇ, ನಮ್ಮ ಕಾಲ ಕೆಳಗೆ, ತುಂಬಾ ಆಳದಲ್ಲಿ” ಎಂದೆ. ದಾದಿ ತಾರಸಿಯ ನೆಲ ನೋಡಿದರು, ಮತ್ತೆ ಮೇಲೆ ನೋಡಿದರು. “ಮತ್ತೆ ಬುಢಿಯಾಗೆ ಹತ್ತಿ ಎಲ್ಲಿಂದ ಸಿಗುತ್ತದೆ?” ಎಂದರು. ಅದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.