ಹೆಸರೆಲ್ಲ ನೆನಪಿದೆ, ಕೆಲಸದ ಕ್ರಮ ತಪ್ಪುತ್ತಿದೆ

ಪ್ರಶ್ನೆ: ಅಪ್ಪನಿಗೆ 67 ವರ್ಷ. ಹೊಲ ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗಿದೆ. ಹಳೆಯ ಸಂಗತಿಗಳೆಲ್ಲ ನೆನಪಿವೆ. ಈ ಸಲ ಸಸಿಮಡಿ ಹಾಕದೆಯೇ ನಾಟಿಗೆ ಆಳು ಕರೆಸಿದರು, ಗೊಬ್ಬರ ಎರಡೆರಡು ಸಲ ತಂದರು. ಊರವರು ‘ಅರವತ್ತಕ್ಕೆ ಅರಳು ಮರಳು’ ಅನ್ನುತ್ತಾರೆ. ಹೌದೇ?
– ಓದುಗರು, ಸುರಪುರ

ಉತ್ತರ: ಅಲ್ಲ. ಈ ಗಾದೆಯಿಂದ ಆಗಿರುವ ಹಾನಿ ದೊಡ್ಡದು. ಇದನ್ನು ನಂಬಿ ಹಿರಿಯರನ್ನು ವರ್ಷಗಟ್ಟಲೆ ಮನೆಯಲ್ಲೇ ಕೂರಿಸಿಕೊಂಡು ಕೊನೆಗೆ ವೈದ್ಯರಾದ ನಮ್ಮ ಬಳಿ ಬರುತ್ತಾರೆ. ವಯಸ್ಸಾದಂತೆ ಹೆಸರು ತಡವಾಗಿ ನೆನಪಾಗಬಹುದು, ಕೈ ನಿಧಾನವಾಗಬಹುದು. ಆದರೆ ಜೀವಮಾನವಿಡೀ ಭತ್ತ ಬೆಳೆದವರಿಗೆ ಮಡಿ ಮೊದಲೋ ನಾಟಿ ಮೊದಲೋ ತಿಳಿಯದಾಗುವುದು ಮುಪ್ಪಲ್ಲ. ಆಲ್ಝೈಮರ್ ಎಂದರೆ ಬರೀ ಮರೆವು ಎಂದುಕೊಂಡಿದ್ದೇವೆ. ಯೋಜಿಸುವುದು, ಹಣದ ಲೆಕ್ಕ ಹಿಡಿಯುವುದು, ಸರಿತಪ್ಪು ತೂಗುವುದು ಕೂಡ ಆರಂಭದಲ್ಲೇ ಕುಂದಬಹುದು. ದೇಶದಲ್ಲಿ 60 ದಾಟಿದವರಲ್ಲಿ ಶೇ 7ರಷ್ಟು ಮಂದಿಗೆ ಮರೆಗುಳಿ ರೋಗ (ಡಿಮೆನ್ಶಿಯಾ) ಇದೆಯೆಂಬ ಅಂದಾಜಿದೆ.

ಹಾಗೆಂದು ಇದು ಆಲ್ಝೈಮರೇ ಎಂದು ನೀವೇ ತೀರ್ಮಾನಿಸಬೇಡಿ. ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ತಲೆಯ ಸ್ಕ್ಯಾನ್ ಬಿಡಬೇಡಿ: ತಿಂಗಳ ಹಿಂದೆ ಬೈಕಿನಿಂದ ಬಿದ್ದು ‘ಏನೂ ಆಗಿಲ್ಲ’ ಎಂದವರ ತಲೆಯೊಳಗೆ ನಿಧಾನವಾಗಿ ರಕ್ತ ಹೆಪ್ಪುಗಟ್ಟಿರುವುದನ್ನು ನೋಡಿದ್ದೇನೆ. ಅದಕ್ಕೆ ಚಿಕಿತ್ಸೆ ಇದೆ. ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ, ನಿದ್ದೆ ಮಾತ್ರೆ ಸಹಿತ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದೆ. ಅದರ ಸೌಲಭ್ಯವಿದೆಯೇ ಎಂದು ಯಾದಗಿರಿ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿಯವರೆಗೆ ಹೊಲದ ಕಾಗದಕ್ಕೆ, ಸಾಲಕ್ಕೆ ಅವರೊಬ್ಬರೇ ಸಹಿ ಹಾಕದಂತೆ ಮನೆಯವರು ಜೊತೆಗಿರಿ.

ಪ್ರಶ್ನೆ: ಯುಗಾದಿಗೆ ಅತ್ತೆ ಹೋಳಿಗೆ ಮಾಡಲು ಕೂತು ಬೇಳೆಯ ಕಟ್ಟನ್ನು ಚೆಲ್ಲಿದರು, ಹೂರಣ ರುಬ್ಬದೆ ಬಿಟ್ಟು ಹಪ್ಪಳ ಕರಿಯತೊಡಗಿದರು. ಕೇಳಿದರೆ ‘ನನಗೇನಾಗಿದೆ’ ಎಂದು ಜಗಳ. ಬೇಕೆಂದೇ ಮಾಡುತ್ತಾರೆಂದು ನಾದಿನಿ ಹೇಳುತ್ತಾಳೆ.
– ಓದುಗರು, ಶಹಾಪುರ

ಉತ್ತರ: ಬೇಕೆಂದೇ ಮಾಡುವುದಲ್ಲ, ನಾದಿನಿಗೆ ಈ ಪುಟ ಓದಿಸಿ. ತಮ್ಮ ಕೊರತೆ ತಮಗೆ ಕಾಣದಿರುವುದೂ ರೋಗದ ಭಾಗವೇ. ವಾದ ಮಾಡಿ ಗೆಲ್ಲಲಾಗದು. ಅಡುಗೆಮನೆಯಿಂದ ಅವರನ್ನು ಹೊರಗೆ ಹಾಕಬೇಡಿ. ಒಂದು ಸಲಕ್ಕೆ ಒಂದೇ ಕೆಲಸ ಕೊಡಿ: ಬೇಳೆ ಆರಿಸಲಿ, ಕಣಕ ನಾದಲಿ. ಗ್ಯಾಸ್ ಮಾತ್ರ ನಿಮ್ಮ ಕೈಯಲ್ಲಿರಲಿ. ಶಾಲೆ ಮೆಟ್ಟಿಲು ಹತ್ತದವರಿಗೆ ಪರೀಕ್ಷೆಯೆಂದು ಗಡಿಯಾರದ ಚಿತ್ರ ಬರೆಸಿ, ಬರಲಿಲ್ಲವೆಂದು ರೋಗದ ಹಣೆಪಟ್ಟಿ ಅಂಟಿಸುವುದು ತಪ್ಪು. ಮೊದಲು ಏನೇನು ಮಾಡುತ್ತಿದ್ದರು, ಈಗ ಯಾವುದು ಆಗುತ್ತಿಲ್ಲ ಎಂಬುದನ್ನು ಬರೆದುಕೊಂಡು ಬನ್ನಿ. ನನಗೆ ಅದೇ ಹೆಚ್ಚು ಉಪಯೋಗ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಇವರಿಗೂ ಬೇಕು, ಕಿವಿಯ ಪರೀಕ್ಷೆಯೂ ಸೇರಿ.

ಪ್ರಶ್ನೆ: ನೆನಪಿನ ಶಕ್ತಿಯ ಟಾನಿಕ್ ಕೊಡಬಹುದೇ?
– ಓದುಗರು, ಯಾದಗಿರಿ

ಉತ್ತರ: ಬೇಡ. ಅದರ ದುಡ್ಡಿನಲ್ಲಿ ಬಿ12 ಪರೀಕ್ಷೆ ಮಾಡಿಸಿ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ, ರೋಗ ಗುಣಪಡಿಸವು. ನಾಡಿಬಡಿತ ನಿಧಾನವಿದ್ದವರು ಇಸಿಜಿ ಇಲ್ಲದೆ ಶುರುಮಾಡಲೇಬಾರದು.