ಹಿಮಾಲಯದ ಕಲ್ಲು, ನಮ್ಮ ಅಡಿಕೆ ಬುಡಕ್ಕೆ

ಶಿಲಾರಂಜಕ ಅಂದರೆ ನಮಗೆಲ್ಲ ಚೀಲದಲ್ಲಿ ಬರುವ ಹುಡಿ. ಅದು ಹುಡಿಯಾಗುವ ಮೊದಲು ಏನಾಗಿತ್ತು ಅಂತ ನಾನೂ ಕೇಳಿರಲಿಲ್ಲ. ಆರು ವರ್ಷ ಸುಣ್ಣವನ್ನೂ ಮಸ್ಸೂರಿ ಶಿಲಾರಂಜಕವನ್ನೂ ಒಂದೇ ದಿನ ಅಡಿಕೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ. ಬುಡ ಬಿಡಿಸುವ ಆಳಿನ ಖರ್ಚು ಒಂದೇ ಸಲ ಮುಗಿಯಲಿ ಎಂಬ ಲೆಕ್ಕಾಚಾರ. ಏಳನೇ ವರ್ಷ ಮಣ್ಣು ಪರೀಕ್ಷೆ ಮಾಡಿಸಿದರೆ ರಂಜಕದ ಎದುರು 'ಕಡಿಮೆ' ಎಂದು ಬರೆದಿತ್ತು. ಹಾಕಿದ ದುಡ್ಡು ಎಲ್ಲಿ ಹೋಯಿತು?

1994ರಲ್ಲಿ ಡೆಹ್ರಾಡೂನಿನ ಸಂಬಂಧಿಕರ ಮನೆಗೆ ಹೋಗಿದ್ದೆ. ನಮ್ಮ ಚೀಲದ ಹುಡಿಯ ತವರು ಅಲ್ಲೇ ಹತ್ತಿರ, ಮಾಲ್‌ದೇವ್ತಾ ಎಂಬಲ್ಲಿ, ಮಸ್ಸೂರಿ ಬೆಟ್ಟಗಳ ಬುಡದಲ್ಲಿ. ನದಿ ದಂಡೆಯಲ್ಲಿ ಒಂದು ಕರಿ ಕಲ್ಲು ಹೆಕ್ಕಿ ತಂದೆ. ಆಮೇಲೆ ಅದರ ಜಾತಕ ಓದುವ ಹುಚ್ಚು ಹಿಡಿಯಿತು.

ಆ ಕಲ್ಲು ಹುಟ್ಟಿದ್ದು ಬೆಟ್ಟದಲ್ಲಲ್ಲ, ಸಮುದ್ರದಲ್ಲಿ. ಸುಮಾರು 53-54 ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಕಡಲು. ಹಿಮಾಲಯದ ಸುದ್ದಿಯೇ ಇಲ್ಲ. ಆಳ ಸಮುದ್ರದಿಂದ ಪೋಷಕಾಂಶ ತುಂಬಿದ ತಣ್ಣನೆಯ ನೀರು ಮೇಲೆದ್ದು ಬಂದ ಕಡೆ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ, ಸತ್ತು ತಳಕ್ಕೆ ಬೀಳುತ್ತವೆ. ಗಾಳಿಯಾಡದ ಆ ಕೆಸರಿನಲ್ಲಿ ಕೊಳೆಯುವಾಗ ಬಿಡುಗಡೆಯಾದ ರಂಜಕ, ನೀರಿನಲ್ಲಿದ್ದ ಕ್ಯಾಲ್ಸಿಯಂ ಜೊತೆ ಸೇರಿ ಅಪಟೈಟ್ ಎಂಬ ಖನಿಜವಾಗಿ ಹರಳುಗಟ್ಟುತ್ತದೆ. ಅಲೆಗಳು ಹಗುರ ಜೇಡಿಯನ್ನು ತೊಳೆದೊಯ್ದು ಭಾರದ ಕಾಳುಗಳನ್ನು ಒಟ್ಟುಮಾಡುತ್ತವೆ. ನಾವು ಗೆರಸೆಯಲ್ಲಿ ಅಕ್ಕಿ ಕೇರಿದ ಹಾಗೆ. ಚೀನಾದ ಯುನ್ನಾನ್, ಕಜಕಸ್ತಾನದ ಕರಾಟಾವ್ ನಿಕ್ಷೇಪಗಳೂ ಹೆಚ್ಚುಕಡಿಮೆ ಅದೇ ಕಾಲದವು.

ಮಸ್ಸೂರಿಯಲ್ಲಿ ಪದರಗಳ ಕ್ರಮ ನೋಡಿ. ಅಡಿಯಲ್ಲಿ ಕ್ರೋಲ್ ಎಂದು ಕರೆಯುವ ಸುಣ್ಣಕಲ್ಲು. ಅದರ ಮೇಲೆ ತಾಲ್ ಎಂಬ ಶಿಲಾಸಮೂಹ, ಅದರ ತಳದಲ್ಲೇ ಬೆಣಚಿನಂಥ ಗಟ್ಟಿ ಕರಿ ಕಲ್ಲು, ಶಿಲಾರಂಜಕ, ಕರಿ ಜೇಡಿಕಲ್ಲು. ಕಪ್ಪು ಬಣ್ಣ ಹಳೆಯ ಜೀವಿಗಳ ಇಂಗಾಲದ್ದು. ಕಬ್ಬಿಣ ಗಂಧಕದ ಪೈರೈಟೂ ಬೆರೆತಿದೆ. ಭಾರತದ ಭೂಖಂಡ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳುವಾಗ ಈ ಪದರಗಳೆಲ್ಲ ಮಡಚಿ, ಅಡಿಕೆ ಹಾಳೆಯ ಹಾಗೆ ನಡು ತಗ್ಗಿ ಅಂಚು ಮೇಲಾದುವು. ಆದ್ದರಿಂದಲೇ ಅಂಚುಗಳಲ್ಲಿ ಕಲ್ಲು ಹೊರಗೆ ಕಾಣುತ್ತದೆ.

ಇನ್ನು ನನ್ನ ದುಡ್ಡಿನ ವಿಷಯ. ಸಮುದ್ರದಲ್ಲಿ ಹುಟ್ಟಿದ ಅಪಟೈಟಿನ ಹರಳೊಳಗೆ ಕಾರ್ಬೊನೇಟ್ ಸೇರಿಕೊಂಡಿರುತ್ತದೆ. ಅದು ಹೆಚ್ಚಿದ್ದಷ್ಟೂ ಹರಳು ಸಡಿಲ, ಹುಳಿ ಮಣ್ಣಿನಲ್ಲಿ ಬೇಗ ಕರಗುತ್ತದೆ. ಟ್ಯುನೀಸಿಯಾದ ಗಾಫ್ಸಾದ್ದು ಅಂಥ ಎಳೆಯ ಕಲ್ಲು. ಕೋಟಿಗಟ್ಟಲೆ ವರ್ಷ ಆಳದ ಬಿಸಿಯಲ್ಲಿ ಬೆಂದ ಕಲ್ಲಿನಿಂದ ಆ ಕಾರ್ಬೊನೇಟ್ ಹೊರಟುಹೋಗಿ ಹರಳು ಬಿಗಿಯಾಗುತ್ತದೆ. ನಮ್ಮ ಮಸ್ಸೂರಿಯದು ಅಂಥ ಮುದುಕ. ರಾಜಸ್ತಾನದ ಉದಯಪುರ ಹತ್ತಿರದ ಝಾಮರ್‌ಕೋಟ್ರಾದ್ದು ಇನ್ನೂ ಮುದುಕ, ನೀಲಿಹಸಿರು ಪಾಚಿ ಕಟ್ಟಿದ ದಿಬ್ಬಗಳಲ್ಲಿ ಕೂಡಿದ್ದು, ನೂರು ಕೋಟಿ ವರ್ಷಕ್ಕೂ ಹಿಂದಿನದು.

ಇಂಥ ಕಲ್ಲು ಕರಗಲು ಮಣ್ಣು ಹುಳಿಯಾಗಿರಬೇಕು, ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಕರಗಿದಾಗ ಬರುವ ಕ್ಯಾಲ್ಸಿಯಂ ಅಲ್ಲಿಂದ ತೊಲಗಬೇಕು. ನಾನು ಮಾಡಿದ್ದೇನು? ಸುಣ್ಣ ಸುರಿದು ಹುಳಿಯನ್ನೂ ತೆಗೆದೆ, ಕ್ಯಾಲ್ಸಿಯಮ್ಮನ್ನೂ ತುಂಬಿದೆ. ಕಲ್ಲು ಕಲ್ಲಾಗಿಯೇ ಕೂತಿತು! ಕರಗಿದ ಸ್ವಲ್ಪವನ್ನು ಮುರ ಮಣ್ಣಿನ ಕಬ್ಬಿಣ ಹಿಡಿದಿಟ್ಟುಕೊಂಡಿರಲೂಬಹುದು, ಎಲ್ಲ ತಪ್ಪು ಸುಣ್ಣದ ತಲೆಗೆ ಕಟ್ಟಲಾರೆ.

ಈಗ ಸುಣ್ಣ ಹಾಕುವ ವರ್ಷ ಶಿಲಾರಂಜಕ ಮುಟ್ಟುವುದಿಲ್ಲ. ಹುಡಿಯನ್ನು ನೇರ ಬುಡಕ್ಕೂ ಹಾಕುವುದಿಲ್ಲ, ಸೊಪ್ಪು ಸೆಗಣಿಯ ಗೊಬ್ಬರ ಗುಂಡಿಗೆ ಪದರ ಪದರವಾಗಿ ಎರಚುತ್ತೇನೆ. ಕೊಳೆಯುವಾಗಿನ ಹುಳಿ ಅದರ ಮೇಲೆ ಕೆಲಸ ಮಾಡಲಿ ಅಂತ. ಲೆಕ್ಕ ಹಳೆಯದೇ: ಮರಕ್ಕೆ ವರ್ಷಕ್ಕೆ 40 ಗ್ರಾಂ ರಂಜಕದ ಶಿಫಾರಸು, ಚೀಲದಲ್ಲಿ ಶೇಕಡಾ 20 ಇದ್ದರೆ ಹುಡಿ 200 ಗ್ರಾಂ. ಬಯಲುಸೀಮೆಯ ಸುಣ್ಣದಂಶದ ಕಪ್ಪು ಮಣ್ಣಿನವರು ಇದರ ಗೋಜಿಗೆ ಹೋಗದಿರುವುದೇ ಲೇಸು. ಅವರಿಗೆ ಸೂಪರ್ ಫಾಸ್ಫೇಟ್ ಇದೆ, ಅದೂ ಇಂಥದೇ ಕಲ್ಲು, ಗಂಧಕಾಮ್ಲದಲ್ಲಿ ಮೊದಲೇ ಕರಗಿಸಿದ್ದು.

ಮಾಲ್‌ದೇವ್ತಾದ ಹುಡಿ ನಮ್ಮ ಕಡೆ ಬರುವುದು ನಿಂತು ಎಷ್ಟೋ ವರ್ಷವಾಯಿತು. ಅಂಗಡಿಯಲ್ಲಿ ಶಿಲಾರಂಜಕ ಕೊಳ್ಳುವಾಗ ನಾನು ಕೇಳುವುದು ಎರಡೇ: ಎಲ್ಲಿಯ ಕಲ್ಲು, ಎಷ್ಟು ನುಣುಪು. ಮೊದಲನೆಯದಕ್ಕೆ ಅಂಗಡಿಯವರು ನನ್ನ ಮುಖವನ್ನೇ ನೋಡುತ್ತಾರೆ.