ಸಮನ್ಸ್ ಬಂತೆಂದು ಹೆದರಬ್ಯಾಡ, ಮೊದಲು ಓದು

ತಮ್ಮಾ, ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮನೆಗೆ ಕಳ್ಳ ಹೊಕ್ಕಂತಿತ್ತು. ಬಂದವನು ಬೇಲಿಫ್. ಕೊಟ್ಟದ್ದು ಬಸವನ ಬಾಗೇವಾಡಿ ಕೋರ್ಟಿನ ಸಮನ್ಸು. ನಿನ್ನ ಸೋದರತ್ತೆಯ ಮಕ್ಕಳು ವಾಟ್ನಿ, ಅಂದರೆ ಹೊಲದಲ್ಲಿ ಪಾಲು, ಕೇಳಿ ದಾವೆ ಹಾಕಿದ್ದಾರೆ, ಅಷ್ಟೇ.

ಸಹಿ ಮಾಡಿ ಇಸಕೊಂಡೆಯಲ್ಲ, ಒಳ್ಳೇದಾಯ್ತು. ಮೂವತ್ತು ವರ್ಷದ ಹಿಂದೆ ಸಿಂದಗಿಯಲ್ಲಿ ನಾನು ಇಂಥದೇ ಕಾಗದವನ್ನು "ತಗೊಳ್ಳಂಗಿಲ್ಲ ಹೋಗು" ಎಂದು ತಿರುಗಿಸಿ ಕಳಿಸಿ, ದೊಡ್ಡ ಗಂಡಸಿನ ಹಾಗೆ ಹೊಲಕ್ಕೆ ಹೋಗಿದ್ದೆ. ಬೇಲಿಫ್ ಇಬ್ಬರು ಪಂಚರನ್ನು ನಿಲ್ಲಿಸಿ ನಕಲನ್ನು ಬಾಗಿಲಿಗೆ ಅಂಟಿಸಿ ಹೋದ. ಬೇಡ ಎಂದರೂ ಅದು ಮುಟ್ಟಿದ ಲೆಕ್ಕವೇ ಎಂದು ನನಗೇನು ಗೊತ್ತು? ನಾನಿಲ್ಲದೆಯೇ ಕೇಸು ನಡೆದು ಎಕ್ಸ್‌ಪಾರ್ಟಿ ಡಿಕ್ರಿ ಆಯಿತು. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕುವ ಅವಧಿ 30 ದಿನ. ನನಗೆ ತಿಳಿದಾಗ ಅದರಲ್ಲಿ ಉಳಿದದ್ದು ನಾಲ್ಕೇ ದಿನ. ಆ ನಾಲ್ಕು ದಿನ ಅನ್ನ ಸೇರಲಿಲ್ಲ.

ಈಗ ಕಾಗದ ತೆಗಿ. ತಲೆಬರಹದಲ್ಲಿ ಯಾವ ಕೋರ್ಟು ಎಂದಿದೆ ನೋಡು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆ ಸಿವಿಲ್ ನ್ಯಾಯಾಧೀಶರೂ ಇದ್ದಾರೆ, ಹಿರಿಯ ಸಿವಿಲ್ ನ್ಯಾಯಾಧೀಶರೂ ಇದ್ದಾರೆ. ಅದೇ ಕಟ್ಟಡ, ಬೇರೆ ಹಾಲು. ತಪ್ಪು ಹಾಲಿನಲ್ಲಿ ದಿನವಿಡೀ ಕೂತು, ಸಂಜೆ "ನನ್ನ ಹೆಸರು ಕೂಗಲೇ ಇಲ್ಲ" ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಿಡಗುಂದಿ, ತಾಳಿಕೋಟೆ, ಚಡಚಣ, ದೇವರ ಹಿಪ್ಪರಗಿ ಹೊಸ ತಾಲ್ಲೂಕುಗಳಾದವು ಎಂದು ಕೋರ್ಟು ತಾನಾಗಿ ಅಲ್ಲಿಗೆ ಎದ್ದು ಹೋಗುವುದಿಲ್ಲ. ತಲೆಬರಹವೇ ಖರೆ. ಅದರ ಕೆಳಗಿನ ಓ.ಎಸ್. ನಂಬರು ಮೂಲ ದಾವೆಯದು. ಆರ್.ಎ. ಎಂದರೆ ಅಪೀಲು, ಇ.ಪಿ. ಎಂದರೆ ಡಿಕ್ರಿ ಜಾರಿಯ ದರಖಾಸ್ತು, ಸಿ.ಸಿ. ಎಂದರೆ ಕ್ರಿಮಿನಲ್. ಇಂಡಿಯಲ್ಲಿ ಲಿಂಬೆ ಮಾರಿದ ದುಡ್ಡಿಗೆ ಕೊಟ್ಟ ಚೆಕ್ಕು ಬೌನ್ಸ್ ಆದರೆ ಅದು ಸಿ.ಸಿ. ಸಮನ್ಸಿನ ಜೊತೆ ದಾವೆಯ ನಕಲು ಇರಬೇಕು. ಅದನ್ನು ವಕೀಲರಿಗಿಂತ ಮೊದಲು ನೀನು ಓದು. ನಿನ್ನ ಕೈಫಿಯತ್ತು, ಅಂದರೆ ದಾವೆಗೆ ಲಿಖಿತ ಉತ್ತರ, ಸಲ್ಲಿಸಲು ಸಮನ್ಸ್ ಮುಟ್ಟಿದ ದಿನದಿಂದ 30 ದಿನ. ಕಾರಣ ತೋರಿಸಿದರೆ 90ರವರೆಗೆ ಎಳೆಯಬಹುದು. ಎಳೆಯಬೇಡ.

"ಉತಾರದಾಗ ನಮ್ಮ ಹೆಸರೇ ಐತಲ್ಲ ಕಾಕಾ" ಎಂದೆ. ನಮ್ಮ ಕಡೆ ಅರ್ಧ ಜನ ಸೋಲುವುದು ಇದೇ ಮಾತಿನಿಂದ. ಉತಾರ ಕಂದಾಯದ ದಾಖಲೆ. ಹಕ್ಕು ಯಾರದು ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ತಹಶೀಲ್ದಾರರು ಹೆಸರು ಏರಿಸಿದ್ದು ತಪ್ಪು ಎನಿಸಿದರೆ ಮೇಲ್ಮನವಿ ಉಪವಿಭಾಗಾಧಿಕಾರಿಗೆ. ಇಂಡಿ, ಸಿಂದಗಿಯವರಿಗೆ ಆ ಕಚೇರಿ ಇಂಡಿಯಲ್ಲಿ, ಬಾಗೇವಾಡಿ, ಮುದ್ದೇಬಿಹಾಳದವರಿಗೆ ವಿಜಯಪುರದಲ್ಲಿ. ಆದರೆ "ಈ ಹೊಲ ನನ್ನದು" ಎಂದು ಅಲ್ಲಿ ಎಷ್ಟು ವರ್ಷ ವಾದಿಸಿದರೂ ಕೊನೆಗೆ "ಸಿವಿಲ್ ಕೋರ್ಟಿಗೆ ಹೋಗಿ" ಎಂದೇ ಆದೇಶವಾಗುತ್ತದೆ.

ಅತ್ತೆಯ ಪಾಲಿನ ಬಗ್ಗೆಯೂ ನೇರವಾಗಿ ಹೇಳಿಬಿಡುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರ ತಿದ್ದುಪಡಿ ಮದುವೆಯ ಗೆರೆಯನ್ನೂ ಅಳಿಸಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟ್ನಿ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತು ಬೇರೆ. ನಮ್ಮ ಮನೆಯಲ್ಲಿ ಇರುವುದು ತಲಾಟಿಗೆ ಕೊಟ್ಟ ವರ್ದಿ ಒಂದೇ. "ಸೀರೆ ಉಡಿಸಿ ಕಳಿಸೀವಿ" ಎಂಬುದು ಹಕ್ಕುಬಿಟ್ಟ ಪತ್ರವಲ್ಲ.

ಇಷ್ಟು ದಿನ ಸುಮ್ಮನಿದ್ದವರು ಈಗ ಯಾಕೆ ಎದ್ದರು? ನಿನಗೂ ಗೊತ್ತು, ಹೊಳೆ ದಂಡೆಯ ಹೊಲ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಬಂದಾಗಿನಿಂದ ಮುಳುಗುವ ಹೊಲಕ್ಕೇ ಬೆಲೆ. ನಿನ್ನ ತಂದೆಯ ಕಾಲದಲ್ಲಿ ಹೋದ ಹೊಲಗಳಿಗೆ ಪರಿಹಾರ ಕಡಿಮೆಯಾಯಿತೆಂದು ಎಲ್.ಎ.ಸಿ. ಕೇಸು ಹಾಕಿದವರು ಹೆಚ್ಚಿಗೆ ಪಡೆದರು. ಹಾಕದವರು ಕಟ್ಟೆಯ ಮೇಲೆ ಕೂತು ಮಾತಾಡಿದರು. ಒಂದೇ ಅಧಿಸೂಚನೆಯಲ್ಲಿ ಹೋದ ಪಕ್ಕದ ಹೊಲಕ್ಕೆ ಕೋರ್ಟು ದರ ಹೆಚ್ಚಿಸಿದರೆ, ಕೇಸು ಹಾಕದವನೂ ಆ ತೀರ್ಪಿನಿಂದ ಮೂರು ತಿಂಗಳೊಳಗೆ ಭೂಸ್ವಾಧೀನ ಅಧಿಕಾರಿಗೆ ಅರ್ಜಿ ಕೊಟ್ಟು ಅದೇ ದರ ಕೇಳಬಹುದು. ನಮ್ಮವರಿಗೆ ಇದು ತಿಳಿಯುವುದು ನಾಲ್ಕನೇ ತಿಂಗಳಲ್ಲಿ.

ವಕೀಲರನ್ನು ಗೊತ್ತು ಮಾಡು, ಆದರೆ ಕೇಸು ನಿನ್ನದು. ವಕಾಲತ್‌ನಾಮೆಗೆ ಸಹಿ ಹಾಕು, ಖಾಲಿ ಕಾಗದಕ್ಕೆ ಬೇಡ. ಮೂಲ ಪತ್ರ ಕೊಟ್ಟರೆ ಏನೇನು ಕೊಟ್ಟೆ ಎಂದು ಬರೆಸಿಕೊ. ಹದಿನಾರು ಅಕ್ಷರ, ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಕೇಳು. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು ನಿನ್ನ ಮೊಬೈಲಿನಲ್ಲೇ ಕಾಣುತ್ತದೆ, "ತಾರೀಖು ತಿಳಿಸ್ತೀನಿ, ಚಹಾಕ್ಕ ಕೊಡ್ರಿ" ಎನ್ನುವವರ ಹಂಗಿಲ್ಲ.

ಕಟಕಟೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಸಾಕ್ಷಿ ಹೇಳಿಕೆ ಕನ್ನಡದಲ್ಲೇ ಆಗುತ್ತದೆ, ಆದರೆ ಅದು ಕೋರ್ಟಿನ ಕನ್ನಡ. ಎದುರು ವಕೀಲರು ಪಾಟಿ ಸವಾಲಿನಲ್ಲಿ "ವಾಟ್ನಿ ಆದದ್ದಕ್ಕೆ ನಿಮ್ಮ ಹತ್ರ ಯಾವ ದಾಖಲೆಯೂ ಇಲ್ಲ ಅಂದ್ರೆ?" ಎನ್ನುತ್ತಾರೆ. ನಾವು "ಇಲ್ರಿ" ಎನ್ನುತ್ತೇವೆ. ನಮ್ಮ ಮನಸ್ಸಿನಲ್ಲಿ ಅದು "ಹಂಗೇನಿಲ್ರಿ, ಐತಿ" ಎಂದು. ಟೈಪಾಗುವುದು ಮಾತ್ರ "ದಾಖಲೆ ಇಲ್ಲ ಎಂದರೆ ಸರಿ". ಮುದ್ದೇಬಿಹಾಳದ ಕೋರ್ಟಿನಲ್ಲಿ ಒಬ್ಬ ಮುದುಕ ಹೀಗೆ ಮೂರು ಸಲ "ಇಲ್ರಿ" ಎಂದು ತನ್ನ ಮೂರೂ ಎಕರೆಗೆ ನೀರು ಬಿಟ್ಟದ್ದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಆದ್ದರಿಂದ ಪೂರ್ತಿ ವಾಕ್ಯ ಹೇಳು: "ದಾಖಲೆ ಇದೆ, ಹಾಜರು ಮಾಡಿದ್ದೇನೆ". ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು. ಸಹಿಗೆ ಮೊದಲು ಓದಲು ಕೊಡುತ್ತಾರೆ, ಓದು. ಹಿಂದೆ ಜನ ಕಾಯುತ್ತಿದ್ದಾರೆ ಎಂದು ನಾಚಬೇಡ.

ಸೋತರೆ ಅಪೀಲು, ಜಿಲ್ಲಾ ಕೋರ್ಟಿಗೋ ಹೈಕೋರ್ಟಿಗೋ ಎಂದು ವಕೀಲರನ್ನು ಕೇಳಿಕೊ. ಜಿಲ್ಲಾ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 90. ಹೊಳೆಯಾಚೆ ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗುತ್ತಾರೆಂದು ನೀನೂ ಅತ್ತ ಬಸ್ ಹತ್ತಬೇಡ. ವಿಜಯಪುರ ಜಿಲ್ಲೆಯದು ಕಲಬುರಗಿ ಪೀಠ. 2008ರಲ್ಲಿ ಅದು ಶುರುವಾಗುವ ಮೊದಲು ನಮ್ಮ ಹಿರಿಯರು ಬೆಂಗಳೂರಿಗೆ ರೈಲಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದರು.

ನಿನ್ನ ಅಕ್ಕನೂ ಪ್ರತಿವಾದಿ ಎಂದೆಯಲ್ಲ, ವಕೀಲರ ಫೀಜು ಕೊಡಲಾಗದಿದ್ದರೆ ಅದೇ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಲಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಫೋನಿನಲ್ಲಿ ಕೇಳುವುದಾದರೆ 15100. ಅತ್ತೆಯ ಮಕ್ಕಳು ಮಾತಿಗೆ ಬಂದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಆದರೆ ಅಲ್ಲಿಯ ತೀರ್ಪಿಗೆ ಅಪೀಲಿಲ್ಲ. ಸರ್ವೆ ನಂಬರು, ಚಕ್ಕುಬಂದಿ, ಯಾರಿಗೆ ಎಷ್ಟು ಗುಂಟೆ, ಮುಂದೆ ಬರುವ ಪರಿಹಾರದಲ್ಲಿ ಯಾರಿಗೆಷ್ಟು, ಎಲ್ಲಾ ಬರೆದ ಮೇಲೇ ಸಹಿ.

ತಾರೀಖಿನ ದಿನ ನಾನೂ ಬರುತ್ತೇನೆ. ಹತ್ತು ಗಂಟೆಗೆ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಇರು. ಆಧಾರ್ ಕಾರ್ಡು, ಹಳೇ ಉತಾರಗಳು, ಆ ವರ್ದಿಯ ನಕಲು ತಾ, ಎರಡೆರಡು ಜೆರಾಕ್ಸ್. ನಿನ್ನ ಅತ್ತೆಯ ಹಿರಿಮಗನೂ ಅಲ್ಲೇ ಸಿಗುತ್ತಾನೆ. ಸಿಕ್ಕರೆ ಮೊದಲು ನೀನೇ ಮಾತಾಡಿಸು, ಚಹಾದ ದುಡ್ಡು ನಾನು ಕೊಡುತ್ತೇನೆ.